ಯಾವ ಮರ ಅದು, ಮಗಾ?

ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿರುವ ಥಿಸಲ್ ಚಾಪೆಲ್ ಎಂಬ ಸಣ್ಣ ಪ್ರಾರ್ಥನಾ ಮಂದಿರದ ಮರಗೆತ್ತನೆಯ ಫೋಟೋ ಕಳಿಸಿ ಹತ್ತು ನಿಮಿಷವೂ ಆಗಿರಲಿಲ್ಲ. ಅಪ್ಪನ ಫೋನ್ ಬಂತು.

"ಯಾವ ಮರ ಅದು, ಮಗಾ?"

ಅದು ಯಾವ ಜಾಗ, ಯಾರು ಕಟ್ಟಿಸಿದ್ದು, ಎಷ್ಟು ಹಳೆಯದು, ಇದ್ಯಾವುದನ್ನೂ ಕೇಳಲಿಲ್ಲ. ಅಪ್ಪ ಬಡಗಿ. ಶಿಕಾರಿಪುರದ ಸುತ್ತಮುತ್ತಲಿನ ಹಳ್ಳಿಗಳಲ್ಲಿ 40 ವರ್ಷ ಉಳಿ, ಕೊಡತಿ ಹಿಡಿದವರು. ಬಾಗಿಲು, ಕಿಟಕಿ, ತೊಟ್ಟಿಲು, ದೇವರ ಮಂಟಪ, ಒಂದೆರಡು ಸಣ್ಣ ತೇರಿನ ಕೆಲಸ. ಈಗ ಕೈ ನಡುಗುತ್ತದೆ, ಕೆಲಸ ಬಿಟ್ಟಿದ್ದಾರೆ. ಆದರೆ ಮರದ ಫೋಟೋ ಕಂಡರೆ ಸಾಕು, ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಾರೆ.

"ಓಕ್ ಅಂತೆ ಅಪ್ಪಾ. ಇಲ್ಲಿಯವರಿಗೆ ಅದು ನಮ್ಮ ತೇಗ ಇದ್ದ ಹಾಗೆ."

"ತೇಗದಲ್ಲಿ ಎಣ್ಣೆ ಇರುತ್ತೆ. ಇದರಲ್ಲಿ ಇದೆಯಾ?"

ನನಗೆ ಗೊತ್ತಿರಲಿಲ್ಲ.

"ಕೆತ್ತಿದ್ದು ಎಷ್ಟು ಜನ?"

ಅದೂ ಗೊತ್ತಿರಲಿಲ್ಲ.

"ಎರಡೂ ತಿಳ್ಕೊಂಡು ಹೇಳು," ಎಂದು ಫೋನ್ ಇಟ್ಟರು.

ನಾನು ಕೆಲಸದ ಮೇಲೆ ಎಡಿನ್‌ಬರೊಗೆ ಬಂದು ಎರಡು ವರ್ಷ ಆಗುತ್ತಾ ಬಂತು. ಸೇಂಟ್ ಜೈಲ್ಸ್ ಚರ್ಚಿನ ಮುಂದೆ ವಾರಕ್ಕೆ ನಾಲ್ಕು ಸಲವಾದರೂ ಓಡಾಡುತ್ತೇನೆ. ಮೇಲೆ ಕಲ್ಲಿನ ಕಿರೀಟ ಇಟ್ಟಂತೆ ಗೋಪುರ ಇರುವ ಆ ದೊಡ್ಡ ಚರ್ಚು ಈ ಊರಿನ ಗುರುತು. ಆದರೆ ಒಳಗೆ ಹೋಗಿರಲಿಲ್ಲ. ಒಂದು ಶನಿವಾರ ಮಳೆ ಜೋರಾಯಿತು, ಛತ್ರಿ ಇರಲಿಲ್ಲ, ಸುಮ್ನೆ ಒಳಗೆ ಹೊಕ್ಕೆ. ದಪ್ಪ ದಪ್ಪ ಕಂಬಗಳು, ಬೂದು ಕಲ್ಲು, ಎತ್ತರದ ಮಾಡು. ಸುತ್ತಾಡುತ್ತಾ ಆಗ್ನೇಯ ಮೂಲೆಗೆ ಬಂದಾಗ ಒಂದು ಸಣ್ಣ ಬಾಗಿಲು ಕಂಡಿತು. ಅದರಾಚೆ ಒಂದು ತಗ್ಗಿನ ಕೋಣೆ. ಮಾಡು ತಲೆಯ ಮೇಲೇ ಇದ್ದಂತೆ, ಬೆಳಕೂ ಕಡಿಮೆ. ಅಲ್ಲಿಂದ ಮುಂದಿನ ಬಾಗಿಲು ದಾಟಿದೆ ನೋಡಿ, ಕುತ್ತಿಗೆ ತಾನಾಗಿ ಹಿಂದಕ್ಕೆ ವಾಲಿತು.

ಇದೇ ಥಿಸಲ್ ಚಾಪೆಲ್. ಉದ್ದ 36 ಅಡಿ, ಅಗಲ 18 ಅಡಿ. ಬೆಂಗಳೂರಿನ ಲೆಕ್ಕದಲ್ಲಿ ಹೇಳುವುದಾದರೆ ಒಂದು 20-30ರ ಸೈಟಿಗಿಂತ ಚೂರು ಜಾಸ್ತಿ, ಅಷ್ಟೇ. ಆದರೆ ಎತ್ತರ 42 ಅಡಿ. ಅಗಲಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಹಾಗಾಗಿ ಒಳಗೆ ನಿಂತರೆ ಕೋಣೆಯಲ್ಲಿ ನಿಂತಂತೆ ಅನಿಸುವುದಿಲ್ಲ, ಯಾವುದೋ ಕೆತ್ತಿದ ಪೆಟ್ಟಿಗೆಯ ತಳದಲ್ಲಿ ನಿಂತು ಮುಚ್ಚಳ ನೋಡಿದಂತೆ ಅನಿಸುತ್ತದೆ. ಎರಡೂ ಗೋಡೆಗೆ ಒತ್ತಿಕೊಂಡು ಓಕ್ ಮರದ ಆಸನಗಳ ಸಾಲು. ಪ್ರತಿ ಆಸನದ ಮೇಲೆ ಮರದ್ದೇ ಒಂದು ಮಂಟಪ, ಅದು ಸೂಜಿಯಂತೆ ಚೂಪಾಗುತ್ತಾ ಮೇಲಕ್ಕೆ ಹೋಗುತ್ತದೆ. ತುದಿಯಲ್ಲಿ ಬಣ್ಣ ಹಚ್ಚಿದ ಲಾಂಛನ. ಪಶ್ಚಿಮದ ತುದಿಯಲ್ಲಿ ರಾಜಮನೆತನದವರ ಆಸನಗಳು. ಪೂರ್ವದ ಕಡೆ ಬಣ್ಣದ ಗಾಜಿನಲ್ಲಿ ಸ್ಕಾಟ್ಲೆಂಡನ್ನು ಕಾಯುವ ಸಂತ ಆಂಡ್ರ್ಯೂ. ಅದು ಲೂಯಿ ಡೇವಿಸ್ ಎಂಬ ಕಲಾವಿದನ ಕೆಲಸ. ಬರಿಯ ಜಾಗ ಎಂದು ಬಿಟ್ಟಿರುವುದು ಅಂಗೈ ಅಗಲವೂ ಸಿಗುವುದು ಕಷ್ಟ.

ಮೊದಲ ಐದು ನಿಮಿಷ ನನಗೆ ಇದು ಜಾಸ್ತಿ ಆಯಿತು ಅಂತಲೇ ಅನಿಸಿತು. ಕಣ್ಣಿಗೆ ಕೂರಲು ಜಾಗ ಇಲ್ಲ. ಆಮೇಲೆ ಒಂದು ಉಪಾಯ ಮಾಡಿದೆ. ಇಡೀ ಕೋಣೆಯನ್ನು ನೋಡುವುದು ಬಿಟ್ಟು, ಒಂದೇ ಆಸನದ ಮುಂದೆ ನಿಂತೆ. ಅಪ್ಪ ತೇರಿನ ಕೆಲಸ ನೋಡಲು ಕರೆದುಕೊಂಡು ಹೋದಾಗ ಹೇಳುತ್ತಿದ್ದ ಉಪಾಯ ಅದು. ಒಂದು ಹಲಗೆ ಹಿಡ್ಕೋ, ಅದು ಮುಗಿದ ಮೇಲೆ ಇನ್ನೊಂದು.

ಈ ಚಾಪೆಲ್ ಯಾರಿಗಾಗಿ ಎಂದು ಮೊದಲು ಹೇಳಿಬಿಡುತ್ತೇನೆ. ಸ್ಕಾಟ್ಲೆಂಡಿನಲ್ಲಿ ರಾಜ ಕೊಡುವ ದೊಡ್ಡ ಬಿರುದು ಎಂದರೆ ಆರ್ಡರ್ ಆಫ್ ದಿ ಥಿಸಲ್. ಬಿರುದು ಪಡೆದ ನೈಟ್‌ಗಳದ್ದೇ ಒಂದು ಕೂಟ. ಥಿಸಲ್ ಎಂದರೆ ಇಲ್ಲಿನ ಬೇಲಿ ಬದಿಯಲ್ಲಿ ಬೆಳೆಯುವ ಮುಳ್ಳುಗಿಡ. ನೇರಳೆ ಬಣ್ಣದ ಹೂವು, ಎಲೆ ತುಂಬ ಮುಳ್ಳು. ನಮ್ಮ ಬಯಲು ಸೀಮೆಯ ಬ್ರಹ್ಮದಂಡೆಗೆ ಹತ್ತಿರದ ನೆಂಟ. ಹಿಂದೆ ಯಾವಾಗಲೋ ಕಡಲಾಚೆಯ ವೈರಿಗಳು ರಾತ್ರಿ ಬರಿಗಾಲಲ್ಲಿ ನುಗ್ಗಿ ಬಂದರಂತೆ, ಒಬ್ಬ ಈ ಗಿಡ ತುಳಿದು ಕಿರುಚಿದನಂತೆ, ಮಲಗಿದ್ದ ಸ್ಕಾಟರು ಎದ್ದುಬಿಟ್ಟರಂತೆ. ಹಾಗೆಂದು ಇಲ್ಲಿನ ಮಕ್ಕಳಿಗೆ ಕಥೆ ಹೇಳುತ್ತಾರೆ. ನನ್ನನ್ನು ಕೆಣಕಿದವರು ಸುಮ್ಮನೆ ಪಾರಾಗುವುದಿಲ್ಲ, ಇದು ಈ ಕೂಟದ ಧ್ಯೇಯವಾಕ್ಯ. ಮುಳ್ಳುಗಿಡಕ್ಕೆ ತಕ್ಕ ಮಾತು.

ಕೂಟವನ್ನು ಈಗಿನ ರೂಪದಲ್ಲಿ ಶುರು ಮಾಡಿದ್ದು ರಾಜ ಏಳನೇ ಜೇಮ್ಸ್, 1687ರಲ್ಲಿ. ಏಸು ಮತ್ತು ಹನ್ನೆರಡು ಶಿಷ್ಯರ ನೆನಪಿಗೆ, ರಾಜ ಮತ್ತು ಹನ್ನೆರಡು ನೈಟ್‌ಗಳು ಎಂದು ಅವನ ಲೆಕ್ಕ. ಮೊದಲಿಗೆ ಎಂಟು ಜನರನ್ನು ಮಾತ್ರ ಆರಿಸಿದ. 1827ರಲ್ಲಿ ಸಂಖ್ಯೆ 16ಕ್ಕೆ ಏರಿತು, ಇಂದಿಗೂ ಅಷ್ಟೇ. ಕೂಟಕ್ಕೊಂದು ಗುಡಿ ಬೇಕಲ್ಲ. ಜೇಮ್ಸ್ ಇದೇ ಬೀದಿಯ ಕೆಳತುದಿಯಲ್ಲಿರುವ ಹೋಲಿರೂಡ್ ಮಠದ ಚರ್ಚನ್ನು ತೆಗೆದುಕೊಂಡ. ಅಲ್ಲಿಯವರೆಗೆ ಅದು ಆ ಕೇರಿಯ ಜನರ ಚರ್ಚಾಗಿತ್ತು. ಅವರಿಗೆ ಬೇರೆ ಕಟ್ಟಿಕೊಳ್ಳಿ ಅಂದ. ಜೇಮ್ಸ್ ಕ್ಯಾಥೊಲಿಕ್, ಊರು ಪ್ರಾಟೆಸ್ಟೆಂಟ್. ಸಿಟ್ಟು ಒಳಗೊಳಗೇ ಕುದಿಯುತ್ತಿತ್ತು. 1688ರ ನವೆಂಬರಿನಲ್ಲಿ ಜೇಮ್ಸ್‌ನ ಪ್ರಾಟೆಸ್ಟೆಂಟ್ ಅಳಿಯ, ಆರೆಂಜಿನ ವಿಲಿಯಂ, ಸೈನ್ಯದೊಂದಿಗೆ ಇಂಗ್ಲೆಂಡಿಗೆ ಬಂದಿಳಿದ. ಡಿಸೆಂಬರಿನಲ್ಲಿ ಎಡಿನ್‌ಬರೊದ ಜನ ಹೋಲಿರೂಡಿಗೆ ನುಗ್ಗಿ ಆ ಹೊಸ ಚಾಪೆಲನ್ನು ಪುಡಿ ಮಾಡಿದರು. ರಾಜರ ಸಮಾಧಿಗಳನ್ನೂ ಬಿಡಲಿಲ್ಲ. ಜೇಮ್ಸ್ ಫ್ರಾನ್ಸಿಗೆ ಓಡಿಹೋದ.

1703ರಲ್ಲಿ ರಾಣಿ ಆನ್ ಕೂಟಕ್ಕೆ ಮತ್ತೆ ಜೀವ ಕೊಟ್ಟಳು. ಗುಡಿ ಮಾತ್ರ ಮರಳಲಿಲ್ಲ. ಹೋಲಿರೂಡಿನ ಆ ಚರ್ಚಿಗೆ ಆಮೇಲೆ ಭಾರವಾದ ಕಲ್ಲಿನ ಚಪ್ಪಡಿ ಹಾಕಿ ಮಾಡು ಹೊದಿಸಿದರು. ಗೋಡೆ ತಡೆಯಲಿಲ್ಲ, 1768ರಲ್ಲಿ ಅದೂ ಕುಸಿಯಿತು. ಈಗಲೂ ಅಲ್ಲಿ ಹೋದರೆ ಆಕಾಶವೇ ಮಾಡು. ಕಂಬಗಳ ನಡುವೆ ಹುಲ್ಲು, ಗೋಡೆಯಲ್ಲಿ ಖಾಲಿ ಕಿಟಕಿ. ನಾನು ಅಲ್ಲಿಂದ ಥಿಸಲ್ ಚಾಪೆಲ್ ತನಕ ಒಂದು ದಿನ ಬೇಕೆಂದೇ ನಡೆದೆ. ಏರು ದಾರಿ, ಕಾಲು ಗಂಟೆಯೂ ಬೇಕಾಗಲಿಲ್ಲ. ಈ ಕಾಲು ಗಂಟೆಯ ದಾರಿ ದಾಟಲು ಕೂಟಕ್ಕೆ 223 ವರ್ಷ ಹಿಡಿಯಿತು.

ದಾಟಿಸಿದ್ದು ಒಬ್ಬರ ಉಯಿಲು. ಲೆವೆನ್ ಎಂಬ ಮನೆತನದ ಹನ್ನೊಂದನೇ ಅರ್ಲ್ (ಇಲ್ಲಿನ ಸರದಾರರ ಒಂದು ಪದವಿ) 1906ರಲ್ಲಿ ತೀರಿಕೊಂಡಾಗ, ಹೋಲಿರೂಡನ್ನು ಮತ್ತೆ ಕಟ್ಟಿ ಕೂಟಕ್ಕೆ ಗುಡಿ ಮಾಡಲೆಂದು 40,000 ಪೌಂಡ್ ಬರೆದಿಟ್ಟಿದ್ದರು. ಪರೀಕ್ಷೆ ಮಾಡಿದವರು ಆ ಹಳೆಯ ಗೋಡೆಗಳ ಮೇಲೆ ಏನೂ ಕಟ್ಟಲಾಗದು ಎಂದರು. ಹಣ ಮನೆಗೇ ವಾಪಸ್ ಬರಬಹುದಿತ್ತು. ಮುಂದಿನ ಅರ್ಲ್ ಅದನ್ನು ಇಟ್ಟುಕೊಳ್ಳಲಿಲ್ಲ, ಸೇಂಟ್ ಜೈಲ್ಸ್ ಪಕ್ಕದಲ್ಲಿ ಹೊಸದಾಗಿ ಕಟ್ಟೋಣ ಎಂದರು. ರಾಜ ಏಳನೇ ಎಡ್ವರ್ಡ್ 1909ರಲ್ಲಿ ಒಪ್ಪಿದ. ಅವನು ಮುಗಿದದ್ದನ್ನು ನೋಡಲಿಲ್ಲ. 1911ರ ಜುಲೈ 19ರಂದು ಬಾಗಿಲು ತೆರೆದದ್ದು ಮಗ ಐದನೇ ಜಾರ್ಜ್.

ಅಂದರೆ ಈ ಇಡೀ ಕುಸುರಿ ಕೆಲಸ ಸುಮಾರು ಎರಡೇ ವರ್ಷದಲ್ಲಿ ಮುಗಿದದ್ದು! ಇದನ್ನು ಅಪ್ಪನಿಗೆ ಹೇಳಿದಾಗ ಅವರು ತುಂಬ ಹೊತ್ತು ಮಾತಾಡಲಿಲ್ಲ.

"ಹಾಗಾದ್ರೆ ಕೆಲಸಗಾರರು ಮೊದಲೇ ತಯಾರಿದ್ರು," ಎಂದರು ಕೊನೆಗೆ.

ಅವರು ಹೇಳಿದ್ದು ಸರಿ. ವಿನ್ಯಾಸ ಮಾಡಿದ ರಾಬರ್ಟ್ ಲೋರಿಮರ್ ಇದೇ ಊರಿನವರು, 1864ರಲ್ಲಿ ಹುಟ್ಟಿದವರು. ಅವರ ತಂದೆ ಕಾನೂನು ಪ್ರಾಧ್ಯಾಪಕರು. ಫೈಫ್ ಸೀಮೆಯಲ್ಲಿ ಪಾಳುಬಿದ್ದಿದ್ದ ಕೆಲ್ಲಿ ಎಂಬ ಕೋಟೆಮನೆಯನ್ನು 1878ರಲ್ಲಿ ಗುತ್ತಿಗೆಗೆ ಹಿಡಿದು, ಮನೆಮಂದಿಯೆಲ್ಲ ಸೇರಿ ದುರಸ್ತಿ ಮಾಡಿಸಿದರು. ಹುಡುಗ ಲೋರಿಮರ್ ಕಣ್ಣು ಬಿಟ್ಟಿದ್ದೇ ಗಾರೆಯವರು, ಬಡಗಿಗಳು, ಹಳೆಯ ತೊಲೆಗಳ ನಡುವೆ. ದೊಡ್ಡವರಾದ ಮೇಲೆ ತಮ್ಮ ಜೊತೆ ಒಂದು ತಂಡವನ್ನೇ ಬೆಳೆಸಿಕೊಂಡರು. ಮರ ಕೆತ್ತಲು ವಿಲಿಯಂ ಮತ್ತು ಅಲೆಕ್ಸಾಂಡರ್ ಕ್ಲೋ ಎಂಬ ಅಣ್ಣತಮ್ಮಂದಿರು. ಮರಗೆಲಸಕ್ಕೆ ನಥಾನಿಯಲ್ ಗ್ರೀವ್ ಅವರ ಕಾರ್ಖಾನೆ. ಕಬ್ಬಿಣಕ್ಕೆ ಥಾಮಸ್ ಹ್ಯಾಡನ್. ಮಾಡಿನ ಕಲ್ಲಿನ ಕೆತ್ತನೆಗೆ ಮಣ್ಣಿನಲ್ಲಿ ಮಾದರಿ ಮಾಡಿಕೊಟ್ಟವರು ಲೂಯಿ ಡ್ಯೂಶಾರ್ಸ್, ಅದನ್ನು ಕಲ್ಲಿಗೆ ಇಳಿಸಿದವರು ಜೋಸೆಫ್ ಹೇಯ್ಸ್. ಎನಾಮಲ್ ಕೆಲಸಕ್ಕೆ ಫೀಬಿ ಟ್ರಾಕ್ವೇರ್. ಕ್ಲೋ ಸಹೋದರರು ಲೋರಿಮರ್ ಜೊತೆ ವರ್ಷಗಟ್ಟಲೆ ದುಡಿದವರು. ಲೋರಿಮರ್ ಕೈ ಬೀಸಿ ಬರೆದ ಒಂದು ಗೆರೆ ನೋಡಿದರೆ ಅವರಿಗೆ ಎಲೆ ಎಲ್ಲಿ ಮಡಚಬೇಕು ಎಂದು ಗೊತ್ತಾಗುತ್ತಿತ್ತು.

ಹೀಗೆ ಅಪ್ಪನ ಎರಡನೇ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಮೊದಲ ಪ್ರಶ್ನೆಗೆ ಓದಿ ತಿಳಿದುಕೊಂಡೆ. ಓಕ್‌ನಲ್ಲಿ ತೇಗದಂತೆ ಎಣ್ಣೆ ಇರುವುದಿಲ್ಲ, ಒಗರು ಇರುತ್ತದೆ. ಚರ್ಮ ಹದ ಮಾಡಲು ಬಳಸುವ ಅದೇ ಒಗರು. ಒದ್ದೆಯಾದ ಓಕ್‌ಗೆ ಕಬ್ಬಿಣದ ಮೊಳೆ ತಾಗಿದರೆ ಸುತ್ತ ಮಸಿಯಂತೆ ಕಪ್ಪಾಗುತ್ತದೆ. ರಂಧ್ರ ಜಾಸ್ತಿ, ನಾರು ಒರಟು. ಉಳಿ ಕೊಂಚ ತಪ್ಪಿದರೆ ಸಣ್ಣ ಚೂರು ಚಕ್ಕನೆ ಹಾರಿಹೋಗುತ್ತದೆ. ಸೂಕ್ಷ್ಮ ಕೆತ್ತನೆಗೆ ಯುರೋಪಿನವರು ಸಾಮಾನ್ಯವಾಗಿ ಮೆತ್ತಗಿನ ಲೈಮ್ ಮರ (ನಿಂಬೆಯಲ್ಲ, ಲಿಂಡನ್ ಎಂದೂ ಕರೆಯುವ ಬೇರೆ ಮರ) ಆರಿಸುತ್ತಾರೆ. ಇಲ್ಲಿ ಒರಟು ಮರದಲ್ಲಿ ಮುಳ್ಳಿನ ಎಲೆ ತೆಗೆದಿದ್ದಾರೆ. ಅಪ್ಪ ಇದನ್ನು ಕೇಳಿ, "ಹಲಸಲ್ಲಿ ಮಾಡೋದನ್ನ ಬೀಟೆಯಲ್ಲಿ ಮಾಡಿದಂಗೆ," ಎಂದರು.

ಮೊದಲ ದಿನ ನಾನು ಹಿಡಿದುಕೊಂಡ ಆಸನದ ಹತ್ತಿರವೇ ಒಬ್ಬ ದೇವದೂತ ಇದ್ದ. ಇಲ್ಲಿ ದೇವದೂತರು ಎಷ್ಟೋ ಜನ ಇದ್ದಾರೆ, ಎಣಿಸಲು ಹೋದರೆ ತಪ್ಪುತ್ತದೆ. ಇವನು ಮಾತ್ರ ಬ್ಯಾಗ್‌ಪೈಪ್ ಊದುತ್ತಿದ್ದ. ಕಂಕುಳಲ್ಲಿ ಚೀಲ, ಭುಜದ ಮೇಲೆ ಕೊಳವೆಗಳು, ಊದಿ ಊದಿ ಉಬ್ಬಿದ ಕೆನ್ನೆ. ಕ್ರೈಸ್ತರ ಚಿತ್ರಗಳಲ್ಲಿ ದೇವದೂತನ ಕೈಯಲ್ಲಿ ವೀಣೆಯಂಥ ಹಾರ್ಪ್ ಇರುತ್ತದೆ, ಇಲ್ಲವೇ ಕಹಳೆ ಇರುತ್ತದೆ. ಇಲ್ಲಿನ ಕೆತ್ತನೆಗಾರ ತನ್ನ ಊರಿನ ವಾದ್ಯವನ್ನೇ ಸ್ವರ್ಗಕ್ಕೆ ಕಳಿಸಿದ್ದಾನೆ. ಇದು ಹೊಸ ಯೋಚನೆ ಏನಲ್ಲ. ಇಲ್ಲಿಂದ ಏಳೆಂಟು ಮೈಲಿ ದೂರದ ರಾಸ್ಲಿನ್ ಚಾಪೆಲ್‌ನಲ್ಲಿ 15ನೇ ಶತಮಾನದ ಕಲ್ಲಿನ ದೇವದೂತನೂ ಇದನ್ನೇ ಊದುತ್ತಾನೆ. ನಾನು ನೋಡುತ್ತಾ ನಿಂತಿದ್ದಾಗ ಹೊರಗೆ ಮಳೆ ನಿಂತಿತ್ತು ಅಂತ ಕಾಣುತ್ತದೆ. ಬೀದಿಯಲ್ಲಿ ಕಾಸಿಗಾಗಿ ನುಡಿಸುವ ಪೈಪರ್ ಒಬ್ಬ ಶುರು ಮಾಡಿದ. ಗೋಡೆ ದಾಟಿ ಆ ದನಿ ಸಣ್ಣಗೆ ಒಳಗೆ ಬಂತು. ಮರದ ಕೆನ್ನೆ ಉಬ್ಬಿಯೇ ಇತ್ತು. ಒಂದು ಕ್ಷಣ ಮೈ ಜುಂ ಎಂದಿತು, ನಿಜವಾಗಿ.

ಮಾಡಿನ ಬಗ್ಗೆ ಹೇಳದೆ ಹೋದರೆ ಆಗದು. ಗೋಡೆಯ ಕಂಬಗಳಿಂದ ಕಲ್ಲಿನ ನರಗಳು ಎದ್ದು, ಮೇಲೆ ಹರಡಿ, ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಎರಡು ಮೂರು ನರ ಸೇರುವ ಕಡೆಯಲ್ಲೆಲ್ಲ ಒಂದು ಕಲ್ಲಿನ ಗುಬಟು. ಅದು ಬರೀ ಅಂದಕ್ಕಲ್ಲ. ಬೇರೆ ಬೇರೆ ಕಡೆಯಿಂದ ಓರೆಯಾಗಿ ಬರುವ ಕಲ್ಲುಗಳನ್ನು ಒಂದೇ ಬಿಂದುವಿನಲ್ಲಿ ನೀಟಾಗಿ ಕೂಡಿಸುವುದು ಕಷ್ಟ. ನಡುವೆ ಒಂದು ದೊಡ್ಡ ಕಲ್ಲು ಕೂರಿಸಿದರೆ ನರಗಳೆಲ್ಲ ಅದಕ್ಕೆ ಬಂದು ಒತ್ತಿ ನಿಲ್ಲುತ್ತವೆ, ಅದರ ಭಾರವೇ ಎಲ್ಲವನ್ನೂ ಬಿಗಿ ಹಿಡಿಯುತ್ತದೆ. ಹೇಗೂ ಕಲ್ಲು ಬೇಕಲ್ಲ, ಅದನ್ನು ಕೆತ್ತಿಬಿಟ್ಟರೆ ಆಯಿತು ಅಂತ ಹಳೆಯವರು ಶುರು ಮಾಡಿದ್ದು. ಈ ಮಾಡಿನಲ್ಲಿ ಅಂಥ ಗುಬಟುಗಳು ದಟ್ಟವಾಗಿ, ಮರದ ತುಂಬ ಕಾಯಿ ಬಿಟ್ಟಂತೆ ಇವೆ. ದೊಡ್ಡವುಗಳಲ್ಲಿ ಸಂತ ಆಂಡ್ರ್ಯೂ ಇದ್ದಾನೆ, ಜಿಂಕೆಯ ಜೊತೆ ಸಂತ ಜೈಲ್ಸ್ ಇದ್ದಾನೆ. ಬೇಟೆಗಾರರು ಜಿಂಕೆಗೆ ಬಿಟ್ಟ ಬಾಣ ಆ ಸಂತನಿಗೆ ತಾಗಿತು ಎಂದು ಕಥೆ. ಅದಕ್ಕೇ ಅವನು ಅಂಗವಿಕಲರ ಸಂತ.

ನೆಲವೂ ಸಾಮಾನ್ಯದ್ದಲ್ಲ. ಏಲ್ಸಾ ಕ್ರೇಗ್ ಎಂಬ ಕಡಲ ನಡುವಿನ ಬಂಡೆದ್ವೀಪದ ಗ್ರಾನೈಟ್, ನಡುನಡುವೆ ಅಯೋನಾ ದ್ವೀಪದ ಅಮೃತಶಿಲೆ. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಮಂಜಿನ ಮೇಲೆ ಜಾರಿಸುವ ಕರ್ಲಿಂಗ್ ಕಲ್ಲುಗಳು ನೋಡಿರುತ್ತೀರಿ, ಅಲ್ವಾ? ಅವೂ ಏಲ್ಸಾ ಕ್ರೇಗ್‌ನವೇ. ಅಯೋನಾಗೆ ಸಂತ ಕೊಲಂಬ 563ರಲ್ಲಿ ದೋಣಿಯಲ್ಲಿ ಬಂದ, ಈ ನಾಡಿನಲ್ಲಿ ಕ್ರೈಸ್ತ ಧರ್ಮ ಹರಡಿದ ಒಂದು ದೊಡ್ಡ ದಾರಿ ಅಲ್ಲಿಂದಲೇ ಶುರು. ಕಾಲಡಿಯ ಕಲ್ಲಿಗೂ ಲೋರಿಮರ್ ಇಷ್ಟು ಯೋಚನೆ ಮಾಡಿದ್ದಾರೆ.

ನನ್ನನ್ನು ಜಾಸ್ತಿ ಹೊತ್ತು ಹಿಡಿದಿಟ್ಟದ್ದು ಆಸನಗಳ ಹಿಂಬದಿಯ ಚಿಕ್ಕ ಬಣ್ಣದ ಫಲಕಗಳು. ಒಬ್ಬೊಬ್ಬ ನೈಟ್‌ಗೆ ಒಂದೊಂದು, ಅವನ ಮನೆತನದ ಲಾಂಛನ. ಮಂಟಪದ ತುದಿಯ ಲಾಂಛನ ಆಸನ ಕೈಬದಲಾದಾಗ ಬದಲಾಗುತ್ತದೆ. ಫಲಕ ಹಾಗಲ್ಲ. ಕೂತವನು ಸತ್ತರೂ ಅದು ಅಲ್ಲೇ ಇರುತ್ತದೆ, ಮುಂದಿನವನದು ಅದರ ಪಕ್ಕ ಸೇರುತ್ತದೆ. ಮೊದಲ ಫಲಕಗಳನ್ನು ಮಾಡಿದ್ದು ಫೀಬಿ ಟ್ರಾಕ್ವೇರ್. ಡಬ್ಲಿನ್‌ನಲ್ಲಿ 1852ರಲ್ಲಿ ಹುಟ್ಟಿ, ಮದುವೆಯಾಗಿ ಎಡಿನ್‌ಬರೊಗೆ ಬಂದವರು. ಎನಾಮಲ್ ಎಂದರೆ ನಮಗೆ ಪಾತ್ರೆ, ಬಣ್ಣದ ಡಬ್ಬಿ ನೆನಪಾಗಬಹುದು. ಇದು ಬೇರೆ. ತಾಮ್ರದ ತಗಡಿನ ಮೇಲೆ ಬಣ್ಣದ ಗಾಜಿನ ನುಣ್ಣನೆ ಪುಡಿಯನ್ನು ಒದ್ದೆ ಮಾಡಿ ಹಚ್ಚಬೇಕು, ಒಣಗಿಸಬೇಕು, ಕುಲುಮೆಯಲ್ಲಿಟ್ಟು ಕರಗಿಸಬೇಕು. ಹೊರಗೆ ತೆಗೆದಾಗ ಬಣ್ಣ ಹೇಗೆ ಬಂದಿದೆಯೋ ಆರುವ ತನಕ ಗೊತ್ತಾಗದು. ಆಮೇಲೆ ಮುಂದಿನ ಪದರ, ಮತ್ತೆ ಬೆಂಕಿ. ಒಂದು ಸಲ ಬಿರುಕು ಬಿಟ್ಟರೆ ಅಲ್ಲಿಯವರೆಗಿನ ಕೆಲಸವೆಲ್ಲ ಹೋಯಿತು.

ಟ್ರಾಕ್ವೇರ್ ಅವರ ಬಗ್ಗೆ ಓದಿದಾಗ ನನಗೆ ಒಂದು ಲೆಕ್ಕ ತಲೆಯಲ್ಲೇ ಉಳಿಯಿತು. ಅವರ ಕೈಯಿಂದ ಫಲಕಗಳು ಬರುತ್ತಿದ್ದ ಕಾಲದಲ್ಲಿ ಈ ಆಸನಗಳಲ್ಲಿ ಹೆಂಗಸರು ಕೂರುವಂತಿರಲಿಲ್ಲ. ರಾಜಮನೆತನದ ಹೆಂಗಸಿಗೆ ಮೊದಲ ಸಲ ಸಿಕ್ಕಿದ್ದು 1937ರಲ್ಲಿ, ಆರನೇ ಜಾರ್ಜ್‌ನ ರಾಣಿಗೆ. ಉಳಿದ ಹೆಂಗಸರಿಗೂ ಕೊಡಬಹುದು ಎಂದು ನಿಯಮ ಬದಲಾದದ್ದು 1987ರಲ್ಲಿ. ಮೊದಲಿಗೆ ಪಡೆದವರು ಮರಿಯನ್ ಫ್ರೇಸರ್, 1996ರಲ್ಲಿ. ಹೆಣ್ಣಿನ ಕೈ ಬಂದು 85 ವರ್ಷಕ್ಕೆ ಹೆಣ್ಣಿಗೆ ಆಸನ ಬಂತು. ಟ್ರಾಕ್ವೇರ್ ಅಷ್ಟು ಕಾಲ ಕಾಯಬೇಕಾಗಲಿಲ್ಲ, ತಮ್ಮ ಕೆಲಸದಿಂದಲೇ ಬೇರೆ ಬಾಗಿಲು ತೆರೆಸಿದರು. 1920ರಲ್ಲಿ ಸ್ಕಾಟ್ಲೆಂಡಿನ ರಾಯಲ್ ಅಕಾಡೆಮಿಯ ಮೊದಲ ಗೌರವ ಸದಸ್ಯೆಯಾದರು.

ಇನ್ನೊಂದು ಹೆಸರಿನ ಹತ್ತಿರ ಮನಸ್ಸು ಕಹಿಯಾಯಿತು. 1928ರಲ್ಲಿ ಈ ಕೂಟಕ್ಕೆ ಸೇರಿದವರಲ್ಲಿ ಲಾರ್ಡ್ ಲಿನ್‌ಲಿತ್‌ಗೋ ಒಬ್ಬರು. ಶಾಲೆಯ ಇತಿಹಾಸ ಪುಸ್ತಕ ಓದಿದ ಯಾರಿಗೂ ಆ ಹೆಸರು ಗೊತ್ತು. 1936ರಿಂದ 1943ರ ತನಕ ವೈಸ್‌ರಾಯ್. 1939ರಲ್ಲಿ ನಮ್ಮ ನಾಯಕರನ್ನು ಒಂದು ಮಾತೂ ಕೇಳದೆ ಭಾರತವನ್ನು ಯುದ್ಧಕ್ಕೆ ಇಳಿಸಿದವರು. 1942ರ ಆಗಸ್ಟ್ 9ರಂದು ಗಾಂಧೀಜಿಯನ್ನೂ ಕಾಂಗ್ರೆಸ್ಸಿನವರನ್ನೂ ಒಟ್ಟಿಗೆ ಜೈಲಿಗೆ ಹಾಕಿಸಿದವರು. ಆಮೇಲಿನ ತಿಂಗಳಲ್ಲೇ ನಮ್ಮ ತಾಲ್ಲೂಕಿನ ಈಸೂರು ಎದ್ದು ನಿಂತಿತು. ಏಸೂರು ಕೊಟ್ಟರೂ ಈಸೂರು ಕೊಡೆವು ಎಂದು ಊರವರೇ ತಮ್ಮ ಸರ್ಕಾರ ಘೋಷಿಸಿದರು. ಗಲಾಟೆಯಲ್ಲಿ ಅಮಲ್ದಾರರೂ ಪೊಲೀಸ್ ಅಧಿಕಾರಿಯೂ ಸತ್ತರು. 1943ರ ಮಾರ್ಚಿನಲ್ಲಿ ಐದು ಜನರನ್ನು ಗಲ್ಲಿಗೇರಿಸಿದರು. ಗಲ್ಲಿಗೇರಿಸಿದ್ದು ಮೈಸೂರು ಸಂಸ್ಥಾನದ ಸರ್ಕಾರ, ವೈಸ್‌ರಾಯ್ ನೇರವಾಗಿ ಅಲ್ಲ. ಅದನ್ನು ಸರಿಯಾಗಿಯೇ ಹೇಳಬೇಕು. ಆದರೆ ಆ ವರ್ಷ ದೇಶದ ಮೇಲೆ ಕವಿದಿದ್ದ ನೆರಳು ಯಾರದ್ದು ಎಂದು ಈಸೂರಿನ ಮಕ್ಕಳಿಗೂ ಗೊತ್ತು. ಅಪ್ಪ ಚಿಕ್ಕಂದಿನಲ್ಲಿ ನನ್ನನ್ನು ಆ ಊರಿನ ಹುತಾತ್ಮರ ಸ್ಮಾರಕಕ್ಕೆ ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋಗಿದ್ದರು.

ಆ ಹೊತ್ತಿನಲ್ಲಿ ನಾನು ಹೊರಟುಬಿಡಬೇಕು ಅಂದುಕೊಂಡೆ. ಈ ಚೆಂದವೆಲ್ಲ ಇಂಥವರು ಕೂರಲು ಮಾಡಿದ್ದಲ್ಲವೇ ಎಂದು ಹೊಟ್ಟೆ ಉರಿಯಿತು. ಹೊರಡಲಿಲ್ಲ. ಎದುರಿನ ಮಂಟಪದಲ್ಲಿ ಒಂದು ಥಿಸಲ್ ಎಲೆ ಹೊರಗೆ ಬಾಗಿತ್ತು. ಅದರ ಹಿಂದೆ ಬೆಳಕು ಹಾಯುವಷ್ಟು ಟೊಳ್ಳು ತೆಗೆದಿದ್ದರು. ಆ ಎಲೆ ಕೆತ್ತಿದವನ ಮೇಲೆ ನನಗೆ ಯಾವ ಸಿಟ್ಟೂ ಬರಲಿಲ್ಲ. ಅಪ್ಪನೂ ಎಷ್ಟೋ ಸಾಹುಕಾರರ ಮನೆಗೆ ಬಾಗಿಲು ಮಾಡಿಕೊಟ್ಟಿದ್ದಾರೆ. ಕೆಲವರು ಕೂಲಿಯನ್ನೂ ಸರಿಯಾಗಿ ಕೊಟ್ಟಿಲ್ಲ. ಆ ಬಾಗಿಲುಗಳ ಬಳ್ಳಿ ಈಗಲೂ ಅಪ್ಪನದ್ದೇ. ಬಸ್ಸಿನಲ್ಲಿ ಹೋಗುವಾಗ ನಾನು ಅವನ್ನು ಹಾಗೆಯೇ ಗುರುತಿಸುತ್ತೇನೆ.

ಈ ಊರಿನವರಿಗೂ ಇಂಥ ಅಲಂಕಾರದ ಜೊತೆ ಹಳೆಯ ಜಗಳ ಇದೆ. 1560ರಲ್ಲಿ ಇಲ್ಲಿ ಧರ್ಮಸುಧಾರಣೆ ಆದಾಗ ಸೇಂಟ್ ಜೈಲ್ಸ್‌ನ ಮೂರ್ತಿ, ಬಣ್ಣ, ಬಂಗಾರ ಎಲ್ಲ ಹೊರಗೆ ಹೋಯಿತು. ಗೋಡೆಗೆ ಸುಣ್ಣ ಬಳಿದರು. ಆ ಸುಧಾರಣೆಯ ಮುಂದಾಳು ಜಾನ್ ನಾಕ್ಸ್ ಬೋಧಿಸಿದ್ದು ಇಲ್ಲೇ. 1637ರಲ್ಲಿ ರಾಜನ ಆಜ್ಞೆಯಂತೆ ಹೊಸ ಪ್ರಾರ್ಥನಾ ಪುಸ್ತಕ ಓದಲು ಹೊರಟಾಗ ಇದೇ ಚರ್ಚಿನೊಳಗೆ ದೊಂಬಿಯಾಯಿತು. ಜೆನ್ನಿ ಗೆಡ್ಸ್ ಎಂಬ ಮಾರುಕಟ್ಟೆಯ ಹೆಂಗಸು ತಾನು ಕೂತಿದ್ದ ಸ್ಟೂಲನ್ನೇ ಪಾದ್ರಿಯ ತಲೆಗೆ ಬೀಸಿದಳು ಎಂದು ಜನ ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ನಾಕ್ಸ್‌ನ ಸಮಾಧಿ ಹೊರಗಡೆ ಇತ್ತು. ಈಗ ಅದು ಕಾರು ನಿಲ್ಲಿಸುವ ಜಾಗ. 23ನೇ ನಂಬರಿನ ಕಡೆ ನೆಲದಲ್ಲಿ ಒಂದು ಗುರುತು ಇಟ್ಟಿದ್ದಾರೆ, ಅಷ್ಟೇ. ಚಾಪೆಲ್‌ನಿಂದ ಕೆಲವೇ ಹೆಜ್ಜೆ. ನನಗೆ ಆ ಬೋಳು ನೆಲವೂ ಇಷ್ಟವಾಯಿತು, ಈ ತುಂಬಿದ ಮಾಡೂ ಇಷ್ಟವಾಯಿತು. ಎರಡನ್ನೂ ಒಂದೇ ಮಧ್ಯಾಹ್ನ ನೋಡಿದ್ದು ಒಳ್ಳೆಯದಾಯಿತು.

ಲೋರಿಮರ್ ಅವರಿಗೆ 1911ರಲ್ಲೇ ಸರ್ ಪದವಿ ಬಂತು. ಮೂರು ವರ್ಷದಲ್ಲಿ ಮಹಾಯುದ್ಧ ಶುರುವಾಯಿತು. ಯುದ್ಧ ಮುಗಿದ ಮೇಲೆ ಸತ್ತವರ ನೆನಪಿಗೆ ಎಡಿನ್‌ಬರೊ ಕೋಟೆಯ ಮೇಲೆ ಸ್ಕಾಟ್ಲೆಂಡಿನ ಸ್ಮಾರಕ ಕಟ್ಟಿದ್ದೂ ಅವರೇ, 1927ರಲ್ಲಿ ತೆರೆಯಿತು. ಕ್ಲೋ ಸಹೋದರರೂ ಹ್ಯಾಡನ್ನರೂ ಅಲ್ಲಿಗೂ ಹೋದರು. ಅಲ್ಲಿ ಸುರಂಗ ತೋಡಿದವರ ಜೊತೆಗಿದ್ದ ಇಲಿ ಮತ್ತು ಕ್ಯಾನರಿ ಹಕ್ಕಿಗೂ ಒಂದು ಕೆತ್ತನೆ ಇದೆ. ವಿಷಗಾಳಿ ಬಂದರೆ ಮೊದಲು ಗೊತ್ತಾಗುತ್ತಿದ್ದದ್ದು ಅವುಗಳಿಗೆ. ಮುಂದಿನ ವಾರ ಅದನ್ನೂ ನೋಡಲು ಹೋಗುವವಳಿದ್ದೇನೆ.

ಕೆಲವರು ಈ ಚಾಪೆಲನ್ನು ಹಳೆಯದರ ನಕಲು ಎನ್ನುತ್ತಾರೆ. 1911 ಎಂದರೆ ಬೀದಿಗೆ ಮೋಟಾರು ಬಂದ ಕಾಲ, ಆಗ 15ನೇ ಶತಮಾನದ ಹಾಗೆ ಯಾಕೆ ಕಟ್ಟಬೇಕಿತ್ತು ಎಂದು ಅವರ ಪ್ರಶ್ನೆ. ನನಗೆ ಹಾಗನಿಸಲಿಲ್ಲ. ನಕಲು ಮಾಡುವವನ ಕೈ ಹೆದರುತ್ತದೆ, ಗೆರೆ ಬಿಗಿಯಾಗುತ್ತದೆ. ಇಲ್ಲಿ ಗೆರೆ ಎಲ್ಲೂ ಹೆದರಿಲ್ಲ.

ಎರಡನೇ ಸಲ ಹೋಗುವ ಮೊದಲು ಅಪ್ಪ ಒಂದು ಕೆಲಸ ಕೊಟ್ಟಿದ್ದರು. "ಫೋಟೋದಲ್ಲಿ ಅಳತೆ ಗೊತ್ತಾಗ್ತಿಲ್ಲ. ಎಲೆ ಪಕ್ಕ ನಿನ್ನ ಬೆರಳು ಇಟ್ಟು ತೆಗಿ." ಅಲ್ಲಿ ನೋಡಿಕೊಳ್ಳುವ ಹಿರಿಯರೊಬ್ಬರಿಗೆ ವಿಷಯ ಹೇಳಿದೆ, ನಮ್ಮಪ್ಪ ಬಡಗಿ, ಹೀಗೆ ಕೇಳಿದ್ದಾರೆ ಎಂದು. ಅವರ ಮುಖ ಅರಳಿತು. ಮರ ಮುಟ್ಟಬೇಡಿ, ಪಕ್ಕದಲ್ಲಿ ಹಿಡಿಯಿರಿ ಎಂದು ತಾವೇ ಟಾರ್ಚ್ ಹಿಡಿದು ಬದಿಯಿಂದ ಬೆಳಕು ಬಿಟ್ಟರು. ಬದಿಯ ಬೆಳಕಿಗೆ ಎಲೆ ಒಮ್ಮೆಲೇ ಬೇರೆಯಾಯಿತು. ಎದುರಿನಿಂದ ನುಣ್ಣಗೆ ಕಂಡಿದ್ದ ಮೈ ತುಂಬ ಸಣ್ಣ ಸಣ್ಣ ಮಟ್ಟಸ ಗುರುತುಗಳು, ಒಂದೊಂದೂ ಅಕ್ಕಿಕಾಳಿನಷ್ಟು. ಎಲೆಯ ಇಡೀ ಅಗಲ ನನ್ನ ಕಿರುಬೆರಳಿನ ಎರಡು ಗೆಣ್ಣು. ಮುಳ್ಳಿನ ತುದಿ ಉಗುರಿನ ಅಂಚಿಗಿಂತ ತೆಳು.

ಆ ರಾತ್ರಿ ನಮ್ಮೂರಿನಲ್ಲಿ ಒಂದೂವರೆ ಗಂಟೆ ಆಗಿತ್ತು. ಬೆಳಿಗ್ಗೆ ನೋಡಲಿ ಎಂದು ಕಳಿಸಿಟ್ಟೆ. ಅಪ್ಪ ಎಚ್ಚರವಾಗಿಯೇ ಇದ್ದರು.

"ಉಪ್ಪು ಕಾಗದ ಹಾಕಿಲ್ಲ ಇವರು," ಎಂದರು. ದನಿ ತಗ್ಗಿತ್ತು, ಅಮ್ಮ ಮಲಗಿದ್ದಿರಬೇಕು. "ಉಳಿ ಗುರುತು ಹಂಗೇ ಬಿಟ್ಟಿದಾರೆ. ಉಜ್ಜಿದ್ರೆ ಎಲೆ ಸತ್ತೋಗ್ತಿತ್ತು."

"ಮತ್ತೇನು ಕಾಣ್ತಿದೆ ಅಪ್ಪಾ?"

"ಎಡಕ್ಕಿರೋ ಮುಳ್ಳಿಗೆ ಎಡದಿಂದ ಹೊಡೆದಿದಾನೆ, ಬಲದ್ದಕ್ಕೆ ಬಲದಿಂದ. ಮರ ತಿರುಗಿಸಿಲ್ಲ. ಎರಡೂ ಕೈಯಲ್ಲಿ ಉಳಿ ಹಿಡಿಯೋನು." ಸ್ವಲ್ಪ ಹೊತ್ತು ಸುಮ್ಮನಾದರು. "ಅಣ್ಣತಮ್ಮ ಅಂದ್ಯಲ್ಲ. ಇದು ಅಣ್ಣಂದಾ, ತಮ್ಮಂದಾ?"

"ಬರೆದಿಲ್ಲ ಅಪ್ಪಾ."

"ಇನ್ನೊಂದು ಎಲೆದು ಕಳಿಸು. ಬೇರೆ ಕುರ್ಚಿದು. ಬೆಳಕು ಹಿಂಗೇ ಬದಿಯಿಂದ ಇರಲಿ."